ಡ್ರಮ್ಮಿನ ಪಕ್ಕದ ಕರಡಿ

ಕರಡಿಯನ್ನು ದೂರದಿಂದಲೇ ನೋಡಿ ಅದರ ಗಾತ್ರ ಹೇಳಬಲ್ಲ ಭಾರತೀಯ ಆಗ ಇಡೀ ಕುವೈತಿನಲ್ಲಿ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ. ಕುವೈತಿನಲ್ಲಿ ಕರಡಿಗಳಿಲ್ಲ ಎಂಬ ಒಂದು ಸಣ್ಣ ಕೊರತೆಯನ್ನು ಬಿಟ್ಟರೆ ನನ್ನ ಅರ್ಹತೆಯಲ್ಲಿ ಯಾವ ಲೋಪವೂ ಇರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದರ ಮೇಲೆ ಕಲಿತದ್ದು ಇದೊಂದೇ ವಿದ್ಯೆ. ಈ ವಿದ್ಯೆಯ ದೆಸೆಯಿಂದ ಒಬ್ಬ ಒಳ್ಳೆಯ ಮನುಷ್ಯನ ಮದುವೆ ಮುರಿದುಬೀಳುವುದರಲ್ಲಿತ್ತು. ಮೊಣಕಾಲುಗಳು ಕೈಕೊಟ್ಟ ಈ ವಯಸ್ಸಿನಲ್ಲಿ ಆ ತಪ್ಪನ್ನು ಇದ್ದದ್ದು ಇದ್ದ ಹಾಗೆ ಬರೆದು ಒಪ್ಪಿಸುತ್ತಿದ್ದೇನೆ.

ತೊಂಬತ್ತೊಂದರ ಬೇಸಿಗೆ. ಯುದ್ಧ ಮುಗಿದಿತ್ತು, ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮೀನಾ ಅಬ್ದುಲ್ಲಾದ ಹತ್ತಿರ ಮರಳಿನಲ್ಲಿ ನಮ್ಮ ಕಂಪನಿಯ ಕ್ಯಾಂಪು. ಬೆಂಕಿ ಆರಿಸುವವರಿಗೆ ಬೇಕಾದ ಪೈಪು, ವಾಲ್ವು, ಬೂಟು ಒದಗಿಸುವುದು ನಮ್ಮ ಕೆಲಸ. ನಾನು ಅಲ್ಲಿ ಸ್ಟೋರ್‌ಕೀಪರ್. ಗಾಳಿ ನಮ್ಮ ಕಡೆ ತಿರುಗಿದ ದಿನ ನಡುಮಧ್ಯಾಹ್ನವೇ ಕತ್ತಲು. ವಾಹನಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಗಾಳಿಯಲ್ಲಿ ಎಣ್ಣೆಯ ಹನಿಗಳಿರುತ್ತಿದ್ದವು. ಒಗೆದು ಹಾಕಿದ ಬನಿಯನ್ ಒಗೆಯುವುದಕ್ಕಿಂತ ಮೊದಲು ಇದ್ದದ್ದಕ್ಕಿಂತ ಕಪ್ಪಾಗಿ ಒಣಗುತ್ತಿತ್ತು. ಬೆಳ್ಳಗೆ ಉಳಿದ ವಸ್ತು ಎಂದರೆ ಮೆಸ್ಸಿನ ಅನ್ನ ಮಾತ್ರ, ಅದೂ ಬೇಗ ಉಂಡರೆ.

ಆ ಅನ್ನ ಮಾಡುತ್ತಿದ್ದವನು ಲಾರೆನ್ಸ್. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗ. ಹುಡುಗ ಎಂದರೆ ಮದುವೆಯಾಗದವನು ಎಂದಷ್ಟೇ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ತಂಗಿಯರನ್ನೆಲ್ಲ ಮದುವೆ ಮಾಡಿ ದಾಟಿಸಿ, ಕಡೆಗೆ ತನ್ನ ಸರದಿ ಬಂದಾಗ, ಪಾದ್ರಿಗಳ ಮೂಲಕ ಫೋಟೋದಲ್ಲೇ ಒಂದು ಸಂಬಂಧ ಕುದುರಿತ್ತು. ಹುಡುಗಿ ಐರಿನ್. ಒಮ್ಮೆ ದಿನ ಗೊತ್ತಾಗಿ, ಇವನಿಗೆ ರಜೆ ಸಿಗದೆ ಮುಂದೆ ಹೋಗಿತ್ತು. ಹುಡುಗಿಯ ಅಣ್ಣ ಫೆಲಿಕ್ಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಇನ್ನೊಮ್ಮೆ ದಿನ ತಪ್ಪಿದರೆ ಬೇರೆ ಗಂಡು ನೋಡುತ್ತೇವೆ. ಈ ಸಲ ರಜೆ ಸಿಕ್ಕಿತು, ವಿಮಾನದ ಟಿಕೆಟೂ ಸಿಕ್ಕಿತು. ಆ ವಿಮಾನ ಹಿಡಿದರೆ ಮದುವೆ. ಬಿಟ್ಟರೆ ಇಲ್ಲ. ಕ್ಯಾಂಪಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ನನಗೂ ಗೊತ್ತಿತ್ತು, ಅದೇ ನನ್ನ ಅಪರಾಧ.

ಇನ್ನು ಗುರುಗಳ ವಿಚಾರ. ನಮ್ಮ ಕ್ಯಾಂಪಿನ ಮುಖ್ಯಸ್ಥ ಡಗ್ ಎಂಬ ಕೆನಡಾದವನು. ಊರಿನಲ್ಲಿ ಕಪ್ಪು ಕರಡಿಗಳ ಬೇಟೆಗಾರ. ಅಲ್ಲಿ ಕಾಡಿನಲ್ಲಿ ಒಂದು ಎಣ್ಣೆ ಡ್ರಮ್ಮು ನಿಲ್ಲಿಸಿ, ಅದರೊಳಗೆ ಹಳಸಿದ ಸಿಹಿ ಬನ್ನು, ಕರಿದ ಎಣ್ಣೆ, ಜಾಮು ಸುರಿದು, ಮರದ ಮೇಲೆ ಕೂತು ಕಾಯುತ್ತಾರಂತೆ. ಕರಡಿ ಬಂದ ಕೂಡಲೇ ಗುಂಡು ಹೊಡೆಯುವ ಹಾಗಿಲ್ಲ. ಮೊದಲು ಅದರ ಗಾತ್ರ ಅಳೆಯಬೇಕು. ಮರಿಯನ್ನು ಹೊಡೆದರೆ ಊರಿನಲ್ಲಿ ತಲೆಯೆತ್ತುವ ಹಾಗಿಲ್ಲ.

ಸಂಜೆ ಮೆಸ್ಸಿನಲ್ಲಿ ಅವನು ಇದನ್ನೆಲ್ಲ ಹೇಳುವಾಗ ನಾನೊಬ್ಬನೇ ಕೇಳುತ್ತಿದ್ದೆ. ಉಳಿದವರು ಉಣ್ಣುತ್ತಿದ್ದರು.

"ಕಪ್ಪು ಪ್ರಾಣಿ ಕತ್ತಲಲ್ಲಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ ವಾಸು," ಎಂದ ಡಗ್. "ಅದಕ್ಕೆ ಪಕ್ಕದಲ್ಲಿ ಡ್ರಮ್ಮು. ಬೆನ್ನು ಡ್ರಮ್ಮಿನ ಬಾಯಿಗಿಂತ ಮೇಲಿದ್ದರೆ ಭಾರೀ ಕರಡಿ. ಆಮೇಲೆ ಕಿವಿ ನೋಡು. ಮರಿಯ ಕಿವಿ ದೊಡ್ಡದಾಗಿ ನೆಟ್ಟಗೆ ಕಾಣುತ್ತದೆ. ದೊಡ್ಡದರ ತಲೆ ಬೆಳೆದುಬಿಟ್ಟಿರುತ್ತದೆ, ಕಿವಿ ಸಣ್ಣದಾಗಿ ಪಕ್ಕಕ್ಕೆ ಸರಿದಿರುತ್ತದೆ."

"ಕಾಲು?"

"ಮರಿಗೆ ಉದ್ದ ಕಾಲು. ದೊಡ್ಡದರ ಹೊಟ್ಟೆ ನೆಲಕ್ಕೆ ಹತ್ತಿರ, ಕಾಲೇ ಇಲ್ಲ ಅನ್ನಿಸಬೇಕು. ಮರಿ ತಿನ್ನುತ್ತಾ ಹೆದರಿ ಸುತ್ತ ನೋಡುತ್ತದೆ. ದೊಡ್ಡದು ಯಾರನ್ನೂ ನೋಡುವುದಿಲ್ಲ."

ನಾನು ನಾಲ್ಕು ಪಾಠಗಳನ್ನೂ ಬಾಯಿಪಾಠ ಮಾಡಿದೆ. ಶಾಲೆಯಲ್ಲಿ ಇಷ್ಟು ಶ್ರದ್ಧೆ ಇದ್ದಿದ್ದರೆ ನಾನು ಸ್ಟೋರ್‌ಕೀಪರ್ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಮೃಗಾಲಯದ ಪ್ರಾಣಿಗಳು ಯುದ್ಧದಲ್ಲಿ ತಪ್ಪಿಸಿಕೊಂಡು ಮರಳುಗಾಡಿನಲ್ಲಿ ತಿರುಗುತ್ತಿವೆ ಎಂದು ಎಲ್ಲ ಕಡೆ ಗಾಳಿಸುದ್ದಿ ಹಬ್ಬಿತು. ಮತ್ತು ನಮ್ಮ ಮೆಸ್ಸಿನ ಹಿಂದಿನ ಎಂಜಲಿನ ಡ್ರಮ್ಮನ್ನು ಯಾವುದೋ ಪ್ರಾಣಿ ಮೇಲಿಂದ ಮೇಲೆ ಉರುಳಿಸತೊಡಗಿತು. ಲಾರೆನ್ಸ್ ಅದನ್ನು ನಾಯಿ ಎಂದ. ನಾನು ಏನೂ ಹೇಳಲಿಲ್ಲ. ತಿಳಿದವರು ಆತುರಪಡಬಾರದು.

ಲಾರೆನ್ಸ್ ಹೊರಡುವ ದಿನ ಗಾಳಿ ನಮ್ಮ ಕಡೆಗೇ ಇತ್ತು. ಊಟ ಮುಗಿದಿತ್ತು. ಅವನನ್ನು ಏರ್‌ಪೋರ್ಟಿಗೆ ಒಯ್ಯುವ ಬಸ್ಸು ಗೇಟಿನ ಹೊರಗೆ ಬಂದು ಹಾರ್ನ್ ಮಾಡಿತು. ನಾನು ಅವನನ್ನು ಬೀಳ್ಕೊಡಲೆಂದು ಸ್ಟೋರಿಗೆ ಬೀಗ ಹಾಕಿ ತಿರುಗಿದೆ. ಮೆಸ್ಸಿನ ಹಿಂದೆ ಹೊಗೆಯೊಳಗೆ ಡ್ರಮ್ಮು ಕಂಡಿತು. ಡ್ರಮ್ಮಿನ ಪಕ್ಕದಲ್ಲಿ ಒಂದು ಕಪ್ಪು ಪ್ರಾಣಿ.

ನಾನು ಹೆದರಲಿಲ್ಲ. ಶಾಸ್ತ್ರೋಕ್ತವಾಗಿ ಅಳೆದೆ. ಬೆನ್ನು? ಡ್ರಮ್ಮಿನ ಬಾಯಿಗಿಂತ ಮೇಲೆ. ಕಿವಿ? ಕಾಣಿಸುತ್ತಲೇ ಇಲ್ಲ. ಕಾಲು? ಹೊಟ್ಟೆಯ ಕೆಳಗೆ ಕತ್ತಲು, ಕಾಲಿನ ಸುಳಿವಿಲ್ಲ. ಸುತ್ತ ನೋಡುತ್ತಿದೆಯೇ? ತಲೆ ಡ್ರಮ್ಮಿನೊಳಗೆ, ಜಗತ್ತಿನ ಗೊಡವೆಯೇ ಇಲ್ಲ. ನಾಲ್ಕಕ್ಕೆ ನಾಲ್ಕು. ಎರಡು ಕ್ವಿಂಟಾಲಿಗೆ ಕಡಿಮೆಯಿಲ್ಲ ಎಂದು ಅಂದಾಜು ಮಾಡಿ, ಸ್ಟೋರಿನ ಗೋಡೆಯಲ್ಲಿದ್ದ ಸೈರನ್ನಿನ ಗುಂಡಿ ಒತ್ತಿದೆ.

ಆ ಸೈರನ್ ಇದ್ದದ್ದು ವಿಷಾನಿಲ ಬಂದರೆ ಬಾರಿಸುವುದಕ್ಕೆ. ಅದು ಕೂಗಿದರೆ ಎಲ್ಲರೂ ಕ್ಯಾಬಿನ್ ಸೇರಿ ಬಾಗಿಲು ಹಾಕಿಕೊಳ್ಳಬೇಕು, ಗೇಟು ಮುಚ್ಚಬೇಕು. ಡಗ್ ಸ್ವತಃ ಬಂದು ಎಲ್ಲರ ತಲೆ ಎಣಿಸುವವರೆಗೆ ಗೇಟು ತೆರೆಯುವ ಹಾಗಿಲ್ಲ. ನಿಯಮ ಮಾಡಿದವನೂ ಡಗ್ಗೇ. ಗೇಟು ಮುಚ್ಚಿತು. ಬಸ್ಸು ಹೊರಗೆ, ಮದುಮಗ ಒಳಗೆ.

ನಾನು ಓಡಿಹೋಗಿ ಹೊಕ್ಕ ಕ್ಯಾಬಿನ್ನಿನಲ್ಲೇ ಲಾರೆನ್ಸ್ ಇದ್ದ. ಊರಿಗೆಂದು ಹೊಲಿಸಿದ ಕೆನೆಬಣ್ಣದ ಸೂಟು ಹಾಕಿ, ಪೆಟ್ಟಿಗೆಯ ಮೇಲೆ ಕೂತಿದ್ದ.

"ಎಂತ ವಾಸಣ್ಣ, ಗ್ಯಾಸಾ?"

"ಕರಡಿ."

"ಎಂತದು?"

"ಕರಡಿ ಮಾರಾಯ. ಗಂಡು. ಭಾರೀ ದೊಡ್ಡದು, ಎರಡು ಕ್ವಿಂಟಾಲು."

ಲಾರೆನ್ಸ್ ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದ. ಕುವೈತಿನಲ್ಲಿ ಕುಡಿತಕ್ಕೆ ಆಸ್ಪದವಿಲ್ಲ ಎಂದು ನೆನಪಾಗಿ ಮತ್ತೆ ಕೂತ.

ಅಷ್ಟರಲ್ಲಿ ನನ್ನ ವೈರ್‌ಲೆಸ್ಸಿನಲ್ಲಿ ಡಗ್ಗನ ಧ್ವನಿ ಬಂತು. ಅವನು ದೂರದ ಬಾವಿಯೊಂದರ ಹತ್ತಿರವಿದ್ದ. ಸೈರನ್ ಬಾರಿಸಿದ್ದು ಯಾರು, ಯಾಕೆ ಎಂದ. ಹೇಳಿದೆ.

"ಕಿವಿ ಹೇಗಿದೆ?"

"ಕಿವಿ ಇಲ್ಲ."

"ಇಲ್ಲವೇ ಇಲ್ಲವಾ?"

"ಇಲ್ಲವೇ ಇಲ್ಲ. ಕಾಲೂ ಇಲ್ಲ. ಬೆನ್ನು ಡ್ರಮ್ಮಿಗಿಂತ ಒಂದು ಗೇಣು ಮೇಲೆ."

"ಇಪ್ಪತ್ತು ವರ್ಷದಲ್ಲಿ ನಾನು ಅಂಥದ್ದನ್ನು ನೋಡಿಲ್ಲ," ಎಂದ ಡಗ್. ಅವನ ಧ್ವನಿಯಲ್ಲಿ ಗೌರವವಿತ್ತು. "ಯಾರೂ ಹೊರಗೆ ಕಾಲಿಡಬೇಡಿ. ನಾನು ಬರುತ್ತಿದ್ದೇನೆ."

ನಾನು ವೈರ್‌ಲೆಸ್ ಕೆಳಗಿಟ್ಟು ಲಾರೆನ್ಸನ ಕಡೆ ನೋಡಿದೆ. ಅವನು ಹುಬ್ಬು ಗಂಟು ಹಾಕಿ ಕೂತಿದ್ದ.

"ಯಾವ ಡ್ರಮ್ಮು ವಾಸಣ್ಣ?"

"ಯಾವುದೆಂದರೆ? ನಿನ್ನ ಎಂಜಲಿನ ಡ್ರಮ್ಮು. ನನ್ನ ಸೊಂಟದ ಮಟ್ಟ ಬರುವುದಿಲ್ಲವಾ, ಅದೇ."

"ಅದನ್ನು ನೀವೇ ಅಲ್ವಾ ಮೊನ್ನೆ ವಾಪಸ್ ತಗೊಂಡು ಹೋದದ್ದು? ಸ್ಟೋರಿನ ಮಾಲು, ಎಂಜಲಿಗೆ ಕೊಡ್ಲಿಕ್ಕೆ ಆಗುದಿಲ್ಲ ಅಂತ ದೊಡ್ಡ ಭಾಷಣ ಮಾಡಿ? ಈಗ ಅಲ್ಲಿ ಉಂಟಲ್ಲ, ಅದು ಗ್ರೀಸು ಬರುವ ಗಿಡ್ಡ ಡ್ರಮ್ಮು. ನನ್ನ ಮೊಣಕಾಲಿಗಿಂತ ಚೂರು ಮೇಲೆ ಬರ್ತದೆ, ಅಷ್ಟೇ."

ಹೌದು. ನಾನೇ ತೆಗೆದುಕೊಂಡು ಹೋಗಿದ್ದೆ, ನಾನೇ ಗಿಡ್ಡದನ್ನು ಕೊಟ್ಟಿದ್ದೆ. ಅಕ್ಕಪಕ್ಕದಲ್ಲಿ ಬೇರೇನೂ ಇಲ್ಲದಿದ್ದರೆ ಗಿಡ್ಡ ಡ್ರಮ್ಮೂ ದೊಡ್ಡ ಡ್ರಮ್ಮೂ ಒಂದೇ ಆಕಾರ. ಹಗಲೆಲ್ಲ ಡ್ರಮ್ಮುಗಳ ನಡುವೆಯೇ ಬದುಕುವ ಮನುಷ್ಯ ನಾನು. ನನ್ನ ಕಣ್ಣೆದುರೇ ಎರಡು ಕ್ವಿಂಟಾಲಿನ ಪ್ರಾಣಿ ಕರಗಿ ಅರ್ಧಕ್ಕರ್ಧವಾಯಿತು.

"ಹೇಳಿ ಈಗ, ಡಗ್ಗನಿಗೆ ಹೇಳಿ," ಎಂದ ಲಾರೆನ್ಸ್. "ಬಸ್ಸಿನವ ಹೋಗಿಬಿಡ್ತಾನೆ."

ವೈರ್‌ಲೆಸ್ ಎತ್ತಿಕೊಂಡೆ. ಒಂದು ಸಣ್ಣ ತಿದ್ದುಪಡಿ ಇದೆಯೆಂದೂ, ಕರಡಿಯ ಗಾತ್ರ ಹೇಳಿದ್ದರ ಅರ್ಧ ಇರಬಹುದೆಂದೂ ಗಂಭೀರವಾಗಿ ತಿಳಿಸಿದೆ.

"ಅರ್ಧವಾ?" ಡಗ್ಗನ ಧ್ವನಿ ಬದಲಾಯಿತು. "ಹಾಗಾದರೆ ಅದು ಮರಿ. ಮರಿಯಿದ್ದ ಮೇಲೆ ತಾಯಿ ಅಲ್ಲೇ ಎಲ್ಲೋ ಇದೆ. ದೊಡ್ಡ ಗಂಡಿಗಿಂತ ಅದು ಹತ್ತು ಪಾಲು ಅಪಾಯ. ಕಿಟಕಿಗಳನ್ನೂ ಮುಚ್ಚಿ."

ನಾನು ಕಿಟಕಿ ಮುಚ್ಚಲು ಹೋದೆ. ಲಾರೆನ್ಸ್ ನನ್ನ ಕೈ ಹಿಡಿದ.

"ವಾಸಣ್ಣ, ನೀವು ಇನ್ನು ಬಾಯಿ ತೆರೀಬೇಡಿ. ಇನ್ನೊಮ್ಮೆ ತಿದ್ದುಪಡಿ ಮಾಡಿದ್ರೆ ಕರಡಿಯ ಇಡೀ ಸಂಸಾರ ಬರ್ತದೆ."

ಹೊರಗೆ ಬಸ್ಸು ಇನ್ನೊಮ್ಮೆ ಹಾರ್ನ್ ಮಾಡಿತು. ಲಾರೆನ್ಸ್ ಎದ್ದ. ಪೆಟ್ಟಿಗೆಯ ಪಕ್ಕದಲ್ಲಿ ಕಟ್ಟಿಟ್ಟಿದ್ದ ಅವನ ಸಾಮಾನುಗಳಿಂದ ಒಂದು ಉದ್ದ ಹಿಡಿಯ ಸೌಟು ಎಳೆದುಕೊಂಡ.

"ಎಲ್ಲಿಗೆ ಮಾರಾಯ? ತಾಯಿ ಕರಡಿ!"

"ತಾಯಿ ತಿಂದ್ರೆ ತಿನ್ಲಿ. ಈ ವಿಮಾನ ತಪ್ಪಿದ್ರೆ ಫೆಲಿಕ್ಸ್ ನನ್ನನ್ನು ಬಿಡ್ತಾನಾ?"

ಬಾಗಿಲು ತೆಗೆದು ಹೊರಟೇಬಿಟ್ಟ. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಹೋಗಲಿಲ್ಲ. ಇದನ್ನೂ ಒಪ್ಪಿಕೊಳ್ಳಬೇಕು. ಕಪ್ಪು ಹೊಗೆಯೊಳಗೆ ಕೆನೆಬಣ್ಣದ ಸೂಟು ಸೌಟು ಹಿಡಿದು ಡ್ರಮ್ಮಿನತ್ತ ಸಾಗಿತು. ಕಪ್ಪು ಪ್ರಾಣಿ ತಲೆ ಎತ್ತಿತು. ಅಡುಗೆಯವನ ವಾಸನೆ ಹಿಡಿಯಿತೋ ಏನೋ, ಸೀದಾ ಅವನತ್ತ ಓಡಿತು. ಓಡಿಬಂದು, ಅವನ ತೊಡೆಗೆ ಮೈ ಉಜ್ಜಿತು.

ಅದೇ ಹೊತ್ತಿಗೆ ಡಗ್ಗನ ಜೀಪು, ಅವನ ಹತ್ತಿರ ಮಾತ್ರ ಕೀಲಿಯಿದ್ದ ಹಿಂದಿನ ಗೇಟಿನಿಂದ ನುಗ್ಗಿ ಬಂದು ದೀಪ ಚೆಲ್ಲಿತು. ಬೆಳಕಿನಲ್ಲಿ ಕಂಡದ್ದು ಒಂದು ಟಗರು. ಯುದ್ಧದಲ್ಲಿ ಯಾರ ಮಂದೆಯಿಂದಲೋ ತಪ್ಪಿಸಿಕೊಂಡದ್ದು. ಉಣ್ಣೆಯ ತುಂಬ ಎಣ್ಣೆ, ಮಸಿ. ಉಣ್ಣೆ ಜಡೆಗಟ್ಟಿ ನೆಲ ಮುಟ್ಟುತ್ತಿದ್ದರಿಂದ ಕಾಲು ಕಾಣುತ್ತಿರಲಿಲ್ಲ. ಆ ಕಡೆಯ ಕುರಿಗಳಿಗೆ ಕಿವಿ ಜೋತುಬಿದ್ದಿರುತ್ತದೆ. ಅದೂ ಉಣ್ಣೆಯಲ್ಲಿ ಮುಳುಗಿತ್ತು. ಹಿಂದೆ ತಟ್ಟೆಯಷ್ಟು ಅಗಲದ ಕೊಬ್ಬಿನ ಬಾಲ.

ಡಗ್ ಜೀಪಿನಿಂದ ಇಳಿದು ಬಹಳ ಹೊತ್ತು ಅದನ್ನೇ ನೋಡಿದ. ನಾನು ಆಗ ಧೈರ್ಯವಾಗಿ ಹೊರಗೆ ಬಂದೆ.

"ವಾಸು, ಇದಕ್ಕೆ ಬಾಲ ಇದೆ," ಎಂದ.

"ಬಾಲದ ಪಾಠ ನೀವು ಮಾಡಿರಲಿಲ್ಲ," ಎಂದೆ.

ಲಾರೆನ್ಸನ ಸೂಟು ಸೊಂಟದಿಂದ ಕೆಳಗೆ ಟಗರಿನ ಬಣ್ಣಕ್ಕೆ ಬಂದಿತ್ತು. ಅವನು ಅದನ್ನು ನೋಡಿಕೊಳ್ಳಲೂ ಇಲ್ಲ, ಗೇಟು ತೆಗೆಸಿ ಎಂದ. ಆದರೆ ನಿಯಮ ನಿಯಮವೇ, ತಲೆ ಎಣಿಸಬೇಕು. ಎಲ್ಲರನ್ನೂ ಸಾಲು ನಿಲ್ಲಿಸಿ ಎಣಿಸಿದರು. ಒಬ್ಬ ಹೆಚ್ಚಾದ. ಮತ್ತೆ ಎಣಿಸಿದರು, ಮತ್ತೆ ಹೆಚ್ಚು. ಲಾರೆನ್ಸ್ ರಜೆಯಲ್ಲಿ ಹೋದನೆಂದು ಆಫೀಸಿನವರು ಬೆಳಿಗ್ಗೆಯೇ ಅವನನ್ನು ಲೆಕ್ಕದಿಂದ ತೆಗೆದಿದ್ದರು. ಹೋಗಬೇಕಾದವನು ಹೋಗದೆ ಇರುವುದೇ ಲೆಕ್ಕ ತಪ್ಪಲು ಕಾರಣ, ಅವನು ಹೋಗದೆ ಇರಲು ಲೆಕ್ಕವೇ ಕಾರಣ ಎಂಬುದು ಎಲ್ಲರಿಗೂ ಹೊಳೆಯುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಡಗ್ ತನ್ನ ಜೀಪಿನಲ್ಲೇ ಕರೆದುಕೊಂಡು ಹೋದ. ವಿಮಾನ ಅದಕ್ಕೂ ಮೊದಲೇ ಹೊಗೆಯ ಮೇಲೆ ಏರಿಯಾಗಿತ್ತು.

ವಾಪಸು ಬಂದ ಮೇಲೆ ಡಗ್ ಆಫೀಸಿನ ಸ್ಯಾಟಲೈಟ್ ಫೋನು ಕೊಟ್ಟ. ಫೆಲಿಕ್ಸನ ಅಂಗಡಿಗೆ ಲೈನು ಸಿಕ್ಕಿತು. ಲಾರೆನ್ಸ್ ಫೋನು ಹಿಡಿದು, "ವಿಮಾನ ತಪ್ಪಿತು," ಎಂದ. "ಕ್ಯಾಂಪಿಗೆ ಕರಡಿ ಬಂದಿತ್ತು," ಎಂದ. ಆಮೇಲೆ ಬೆವರುತ್ತಾ ಫೋನನ್ನು ನನ್ನ ಕೈಗೆ ತುರುಕಿದ.

"ನೀವು ಹೇಳಿ ವಾಸಣ್ಣ. ಕುರಿ ಅಂತ ಮಾತ್ರ ಹೇಳ್ಬೇಡಿ. ನಿಮ್ಮ ಆ ಎರಡು ಕ್ವಿಂಟಾಲನ್ನೇ ಹೇಳಿ, ಪುಣ್ಯ ಬರ್ತದೆ."

"ಯಾರು ಮಾತಾಡುದು?" ಫೆಲಿಕ್ಸನ ಧ್ವನಿ ಗಡುಸಾಗಿತ್ತು. "ಕುವೈತಿನಲ್ಲಿ ಎಂತ ಕರಡಿ? ಎಷ್ಟು ದೊಡ್ಡದು?"

ಎದುರಿಗೆ ಲಾರೆನ್ಸ್ ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ, ಇನ್ನೂ ಅಗಲಿಸುತ್ತಿದ್ದ. ನನ್ನ ಬಾಯಿಂದ ಆ ದಿನ ಎರಡು ಗಾತ್ರಗಳು ಹೊರಟಿದ್ದವು, ಎರಡೂ ಸುಳ್ಳಾಗಿದ್ದವು. ಮೂರನೆಯದಕ್ಕೆ ಧೈರ್ಯ ಬರಲಿಲ್ಲ.

"ಕರಡಿಯಲ್ಲ," ಎಂದೆ. "ಟಗರು. ಸೊಂಟದಷ್ಟೂ ಇಲ್ಲ. ಕರಡಿ ಅಂತ ಹೇಳಿ ಗೇಟು ಮುಚ್ಚಿಸಿದ್ದು ನಾನು. ಲಾರೆನ್ಸನದ್ದು ಏನೂ ತಪ್ಪಿಲ್ಲ."

ಲಾರೆನ್ಸ್ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತ. ಆ ಕಡೆ ಫೋನು ಕೈ ಬದಲಾದ ಸದ್ದು. ಒಂದು ಹೆಣ್ಣು ಧ್ವನಿ.

"ನಾನು ಐರಿನ್. ನಿಜವಾಗಿ ಟಗರಾ?"

"ನಿಜವಾಗಿ ಟಗರು ತಂಗಿ."

"ಇವರು ಆಗ ಎಂತ ಮಾಡ್ತಿದ್ದರು?"

"ಕರಡಿ ಉಂಟು, ಹೋಗ್ಬೇಡ ಅಂದೆ. ಬಸ್ಸು ತಪ್ತದೆ ಅಂತ ಸೌಟು ಹಿಡ್ಕೊಂಡು ಎದುರು ಹೋದ."

ಆಮೇಲೆ ಅವಳು ಆ ಕಡೆ ತಿರುಗಿ ಅಣ್ಣನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಸುಳ್ಳು ಹೇಳುವವರಾದರೆ ಕರಡಿಯಲ್ಲೇ ನಿಲ್ಲಿಸ್ತಿದ್ದರು ಅಣ್ಣ. ಯಾರಾದರೂ ಬೇಕೂಂತ ಟಗರು ಹೇಳ್ತಾರಾ? ಇನ್ನೊಂದು ವಿಮಾನಕ್ಕೆ ಕಾಯುವ."

ನಾನು ಲಾರೆನ್ಸನಿಗೆ ಕೈಯಲ್ಲೇ ಸನ್ನೆ ಮಾಡಿದೆ. ಅವನು ಎದ್ದು ನಿಂತ. ಫೋನು ಅವನಿಗೆ ಕೊಡಬೇಕು ಎನ್ನುವಾಗ ಅವಳು ಮತ್ತೆ ನನ್ನನ್ನೇ ಕರೆದಳು.

"ಒಂದು ಕೇಳ್ಲಾ? ಫೋಟೋದಲ್ಲಿ ಇವರು ಕೂತಿದ್ದಾರೆ. ನಿಜವಾಗಿ ಎಷ್ಟು ಎತ್ತರ ಇದ್ದಾರೆ?"

ಲಾರೆನ್ಸ್ ಬಾಗಿಲಿನ ಪಕ್ಕದಲ್ಲೇ ನಿಂತಿದ್ದ. ನಾನು ಅವನನ್ನು ನೋಡಿದೆ. ಬಾಗಿಲನ್ನೂ ನೋಡಿದೆ. ಆ ಬಾಗಿಲು ಎಷ್ಟು ಎತ್ತರದ್ದು ಎಂದು ನನಗೆ ಗೊತ್ತಿರಲಿಲ್ಲ.

"ಬಂದ ಮೇಲೆ ನೀವೇ ನೋಡಿ ತಂಗಿ," ಎಂದೆ. "ನಾನು ಹೇಳುವುದು ಬೇಡ."