ದಫೇದಾರನಿಗೆ ಜರ್ಮನ್ ಶೆಫರ್ಡ್ ಕಾಳು

"ಟೀಚರ್ರೇ, ಓಡಿ ಬರ್ರಿ! ಇವತ್ತಿಂದ ಜಗತ್ತಿನ ನಾಯಿಗಳ ಹಣೆಬರಹನೇ ಬದಲಾಯ್ತು!"

ಕೆಳಗಿನಿಂದ ಈ ಕೂಗು ಬಂದಾಗ ನನ್ನ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಕೂಗಿದವರು ನಮ್ಮ ಮನೆ ಓನರ್ ಮುರಿಗೆಪ್ಪನವರು. ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಅವರಿಗೆ ಮಾತ್ರ, ಅವರ ಸ್ಪ್ಯಾನರಿಗಲ್ಲ! ನಾನು ಅವರ ಮಹಡಿಯ ಮೇಲೆ ಬಾಡಿಗೆಗಿರುವ ಹೈಸ್ಕೂಲ್ ಪಿ.ಟಿ. ಟೀಚರ್. ನನ್ನ ಜೊತೆ ಇರುವವನು ದಫೇದಾರ, ಬೀದಿಯಿಂದ ಬಂದ ಕಂದು ನಾಯಿ. ಹೆಸರು ಕೇಳಿ ಹೆದರಬೇಡಿ, ಅವನು ಬೆಕ್ಕು ಬಂದರೂ ಎದ್ದು ದಾರಿ ಬಿಡುತ್ತಾನೆ.

ಅದೇ ನಮಗೆ ಮುಳುವಾಗಿತ್ತು. ಕೆಲವು ವಾರಗಳಿಂದ ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪಾಕೀಟು ಮಾಯವಾಗುತ್ತಿತ್ತು. ದಫೇದಾರ ಒಮ್ಮೆಯೂ ಬೊಗಳಿರಲಿಲ್ಲ. ಮುರಿಗೆಪ್ಪನವರ ಹೆಂಡತಿ ನೀಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ತೀರ್ಪು ಕೊಟ್ಟಿದ್ದರು: "ಭಾನುವಾರದೊಳಗೆ ಕಳ್ಳನ್ನ ಹಿಡೀಲಿಲ್ಲ ಅಂದ್ರೆ ನಿಮ್ಮ ನಾಯಿ ಈ ಮನ್ಯಾಗೆ ಇರಂಗಿಲ್ಲ ಟೀಚರ್ರೇ. ನಾ ಅಂದ್ರೆ ಅಂದಂಗೆ!"

ಇಡೀ ಶಾಲೆಯನ್ನು ಒಂದು ಸೀಟಿಯಲ್ಲಿ ನಿಲ್ಲಿಸುವವಳು ನಾನು. ಆದರೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುವ ಆ ಸೋಮಾರಿಯನ್ನು ಬೀದಿಗೆ ಬಿಡುವುದು ನನ್ನಿಂದಾಗದ ಕೆಲಸ. ಬಾಯಿ ಮುಕ್ಕಳಿಸಿ ಕೆಳಗೆ ಓಡಿದೆ.

ಹಿತ್ತಲ ಶೆಡ್ಡಿನಲ್ಲಿ ಯಂತ್ರ ನಿಂತಿತ್ತು. ಮಂಡಕ್ಕಿ ಭಟ್ಟಿಯ ಹಳೇ ಡ್ರಮ್ಮು, ವಾಷಿಂಗ್ ಮೆಷೀನಿನ ಮೋಟಾರು, ಮುಂದೆ ತಿರುಗಿಸುವ ಒಂದು ಗುಂಡಿ. ಗುಂಡಿಯ ಸುತ್ತ ಪಗ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಎಂದು ಬರೆದಿತ್ತು.

"ತಳಿಸತ್ವ ಯಂತ್ರ!" ಮುರಿಗೆಪ್ಪ ಎದೆಯುಬ್ಬಿಸಿದರು. "ಅಂಗಡ್ಯಾಗೆ ನಾಯಿ ತಳಿಗೊಂದು ಒಣ ಕಾಳು ಮಾರ್ತಾರಲ್ಲ, ಅದಕ್ಕಿಂತ ನೂರು ಪಾಲು ಮೇಲು. ಶೆಫರ್ಡ್ ಕಾಳು ತಿಂದ ನಾಯಿ ಶೆಫರ್ಡೇ ಆಗ್ತೈತೆ. ನಿಮ್ಮ ದಫೇದಾರನ್ನ ನಾನು ಉಳಿಸ್ತೀನಿ!"

ಗುಂಡಿ ತಿರುಗಿಸಿದರು. ಯಂತ್ರ ಕೆಮ್ಮಿತು, ಸೀನಿತು, ತಗಡಿನ ಛಾವಣಿ ನಡುಗಿಸಿತು. ಬಕೆಟ್ಟಿಗೆ ಕಾಳು ಸುರಿಯಿತು. ಪಗ್ಗಿಗೆ ಚಪ್ಪಟೆ, ಲ್ಯಾಬ್ರಡಾರಿಗೆ ನಡುವೆ ತೂತಿನ ಬಳೆ, ಶೆಫರ್ಡಿಗೆ ಚೌಕ.

"ಮುರಿಗೆಪ್ಪಾರೇ, ಆಕಾರ ಬೇರೆ, ಹಿಟ್ಟು ಮಾತ್ರ ಒಂದೇ ಅಲ್ವಾ?"

"ಪಗ್ಗಿಂದು ಮೊಂಡು ಮೂತಿ. ಎತ್ತಿ ತಿನ್ನೋಕೆ ಚಪ್ಪಟೇನೇ ಬೇಕು!"

"ಅದು ಮೂತಿಗೆ ಅನುಕೂಲ. ಗುಣ ಹೇಗೆ ಬದಲಾಗುತ್ತೆ?"

"ಪಿ.ಟಿ. ಟೀಚರಿಗೆ ವಿಜ್ಞಾನ ಯಾಕ್ರೀ?"

ನನಗೆ ಮೈಯೆಲ್ಲ ಉರಿಯಿತು. "ಹಿಟ್ಟನ್ನ ಯಾತರಲ್ಲಿ ಕಲಸಿದ್ರಿ? ಗಮ್ ಅಂತಿದೆ!" ಎಂದೆ.

ಮುರಿಗೆಪ್ಪ ತಟ್ಟನೆ ಛಾವಣಿ ನೋಡಿದರು. "ಅದು ಸೀಕ್ರೆಟ್ಟು!"

ದಫೇದಾರ ಕಾಳನ್ನು ಮೂಸಿ ಮುಖ ತಿರುಗಿಸಿದ. ಅವನೂ ಈ ಊರಿನವನೇ, ಮಂಡಕ್ಕಿ ಬಿಟ್ಟು ಇನ್ನೊಂದು ತಿಂಡಿ ಮುಟ್ಟುವವನಲ್ಲ! ಕೊನೆಗೆ ಮುರಿಗೆಪ್ಪನವರೇ ಉಪಾಯ ಮಾಡಿದರು. ಶನಿವಾರ ತಮ್ಮ ಅಡುಗೆಮನೆಯ ಮಂಡಕ್ಕಿ ಡಬ್ಬಿಗೇ ಶೆಫರ್ಡ್ ಕಾಳು ಸುರಿದು, ಕಲಸಿ, ಒಂದು ಬಟ್ಟಲು ಅವನ ಮುಂದಿಟ್ಟರು. ನನ್ನ ಮಗರಾಯ ಪೂರ್ತಿ ನೆಕ್ಕಿ, ತೇಗಿ, ನನ್ನ ಪಾದದ ಮೇಲೆ ಮಲಗಿ ಗೊರಕೆ ಹೊಡೆದ. ಶೆಫರ್ಡಿನ ಸುಳಿವೇ ಇಲ್ಲ. ಡಬ್ಬಿಯ ಚಿಂತೆ ಯಾರಿಗಿತ್ತು?

ಸಂಜೆ ನೀಲಮ್ಮ ಅದೇ ಡಬ್ಬಿಯ ಮಂಡಕ್ಕಿಗೆ ಒಗ್ಗರಣೆ ಹಾಕಿ ಮೊರದಷ್ಟು ಮುಂದಿಟ್ಟುಕೊಂಡು ಕೂತಿದ್ದರು.

"ಭಟ್ಟಿಯೋರು ಏನೋ ಚೌಕ ಕಾಳು ಬೆರೆಸ್ಯಾರೆ ಟೀಚರ್ರೇ. ಬಲು ಗರಿಗರಿ! ತಿಂತೀರಾ?"

ನಾನು ಬೆಚ್ಚಿ ಬೇಡವೆಂದೆ. ವಿಷಯ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ಮೂಗೆತ್ತಿದರು. "ಮೂಲೆಮನೆಯಾಗೆ ಬೆಂಡೆಕಾಯಿ ಸೀದೋಯ್ತು!" ಎಂದರು. ಎರಡೇ ಗಳಿಗೆಯಲ್ಲಿ ಮೂಲೆಮನೆಯಿಂದ ಹೊಗೆ ಬಂತು! ಆಮೇಲೆ ಅವರು ಕಾಂಪೌಂಡಿನ ಸುತ್ತ ಗಸ್ತು ಶುರುಮಾಡಿದರು. ಇಸ್ತ್ರಿಯವನು ಗೇಟು ತೆರೆದದ್ದೇ ತಡ, ಗಂಟಲಾಳದಿಂದ "ಗುರ್ರ್" ಎಂದರು. ಅವನು ಬಟ್ಟೆಗಂಟು ಎಸೆದು ಓಡಿದ.

"ಯಂತ್ರ ಕೆಲಸ ಮಾಡೈತೆ!" ಮುರಿಗೆಪ್ಪ ಕುಣಿದಾಡಿದರು.

"ಮಾಡಿದೆ, ಆದರೆ ನಾಯಿಗಲ್ಲ!" ಎಂದೆ.

ಭಾನುವಾರ ಬೆಳಿಗ್ಗೆ ಮತ್ತೆ ಪಾಕೀಟು ನಾಪತ್ತೆ. ನೀಲಮ್ಮ ಕೊಟ್ಟ ಗಡುವು ಮುಗಿದಿತ್ತು. ನೀಲಮ್ಮ ಖಾಲಿ ಚೀಲದೊಳಗೆ ಮೂತಿ ಇಟ್ಟು ಮೂಸಿದರು. ಕಣ್ಣು ಕಿರಿದಾಯಿತು. ನೆಲ ಮೂಸುತ್ತ, ತೆಂಗಿನ ಮರ ಸುತ್ತಿ, ನೀರಿನ ತೊಟ್ಟಿ ದಾಟಿ, ನೇರ ಶೆಡ್ಡಿಗೆ ನುಗ್ಗಿದರು! ಹಿಂದೆ ನಾನು, ನನ್ನ ಹಿಂದೆ ಆಕಳಿಸುತ್ತ ದಫೇದಾರ.

ಒಳಗೆ ಹಿಟ್ಟಿನ ಪಾತ್ರೆ. ಅದರ ಮೇಲೆ ಕತ್ತರಿಸಿದ ಹಾಲಿನ ಪಾಕೀಟು ಹಿಡಿದ ಮುರಿಗೆಪ್ಪ. ಮೀಸೆಯ ತುಂಬ ಹಾಲು!

ನೀಲಮ್ಮ ಹಾರಿ ಲುಂಗಿಯ ಅಂಚು ಕಚ್ಚಿ ಹಿಡಿದರು.

"ವಾರಗಟ್ಲೆ ಕಲಸಿ ನೋಡ್ದೆ, ನೀರಾಗೆ ಕಾಳು ಉಬ್ಬಂಗಿಲ್ಲ ಕಣೇ! ನಿನ್ನ ಕೇಳಿದ್ರೆ ಮಿಷನ್ನಿಗೆ ಹನಿ ಹಾಲೂ ಕೊಡಂಗಿಲ್ಲ ಅಂತೀಯ. ಇನ್ನೇನು ಮಾಡ್ಲಿ?"

"ಅದಕ್ಕೆ ಬಾಯಿಲ್ಲದ ಪ್ರಾಣಿ ಮೇಲೆ ತಪ್ಪು ಹಾಕಿದ್ರಾ?" ನನ್ನ ಧ್ವನಿ ಬೀದಿಯ ಕೊನೆಗೂ ಕೇಳಿಸಿರಬೇಕು. "ಅವನು ಬೊಗಳದೇ ಇದ್ದದ್ದು ಯಾಕೆ? ದಿನಾ ತಲೆ ಸವರುವ ನೀವೇ ಕಳ್ಳ ಅಂತ!"

"ನನಗೂ ಪಾಪ ಅನ್ನಿಸ್ತು ಟೀಚರ್ರೇ, ಅದಕ್ಕೇ ಅವನ್ನ ಶೆಫರ್ಡ್ ಮಾಡೋಕೆ ಹೊರಟಿದ್ದು!"

"ಅವನು ಶೆಫರ್ಡ್ ಆಗಿದ್ರೆ ಮೊದಲು ನಿಮ್ಮನ್ನೇ ಹಿಡೀತಿದ್ದ!"

ಮುರಿಗೆಪ್ಪ ಯೋಚಿಸಿದರು. "ಅಷ್ಟು ದೂರ ಯೋಚ್ನೆ ಮಾಡಿರ್ಲಿಲ್ಲ ನಾನು."

ನೀಲಮ್ಮನ ಹಲ್ಲು ಲುಂಗಿ ಬಿಡಲಿಲ್ಲ. ಹತಾಶರಾದ ಮುರಿಗೆಪ್ಪ ಚಪ್ಪಟೆ ಕಾಳಿನ ಬಕೆಟ್ಟಿಗೆ ಕೈ ಹಾಕಿದರು. "ಪಗ್ ಆಗಿಬಿಡ್ತೀನಿ! ಪಗ್ಗನ್ನ ಕಂಡ್ರೆ ಎಂಥಾ ಹೆಂಗಸಿನ ಮನಸ್ಸೂ ಕರಗ್ತೈತೆ!" ಎಂದು ಒಂದು ಬೊಗಸೆ ಬಾಯಿಗೆ ಸುರಿದುಕೊಂಡರು.

ಪಗ್ಗೂ ಇಲ್ಲ, ಮುದ್ದೂ ಇಲ್ಲ! ಮೂಗೆತ್ತಿದರು, ಕಣ್ಣು ಕಿರಿದು ಮಾಡಿದರು, ಗೇಟಿನ ಕಡೆ ತಿರುಗಿ "ಗುರ್ರ್" ಎಂದರು. ಥೇಟ್ ಹೆಂಡತಿಯದೇ ರಾಗ. ಲುಂಗಿ ಬಿಟ್ಟ ನೀಲಮ್ಮ, ಮುರಿಗೆಪ್ಪ ಇಬ್ಬರೂ ಅಕ್ಕಪಕ್ಕ ಗೇಟಿಗೆ ಓಡಿದರು.

"ನೋಡಿದ್ರಾ! ಚಪ್ಪಟೆ ಆದರೇನು, ಚೌಕ ಆದರೇನು, ಹಿಟ್ಟು ಒಂದೇ!" ಎಂದು ಕೂಗಿದೆ. ಯಾರೂ ಕೇಳಲಿಲ್ಲ. ದಫೇದಾರನಿಗೆ ಯಾಕೆ ಏನೂ ಆಗಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಅವನು ಮೊದಲೇ ನಾಯಿ, ಅವನಲ್ಲಿ ಬದಲಾಗಲು ಏನಿತ್ತು?

ಕೊರಳಲ್ಲಿದ್ದ ಸೀಟಿ ತೆಗೆದು ಜೋರಾಗಿ ಊದಿದೆ. ಓನರ್ ದಂಪತಿ ತಟ್ಟನೆ ಕುಳಿತರು.

"ದಫೇದಾರ ಇಲ್ಲೇ ಇರ್ತಾನೆ. ಸರಿನಾ?"

"ಇರ್ಲಿ ಬಿಡ್ರಿ, ಪಾಪ. ತಪ್ಪು ನಂದೇ," ಎಂದರು ನೀಲಮ್ಮ, ಗುರುಗುಟ್ಟುವುದರ ನಡುವೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕೂತು ಆ ಸೋಮಾರಿಯನ್ನು ತಬ್ಬಿಕೊಂಡೆ.

ಅಂದಿನಿಂದ ಹಾಲು ಹೋಗಿಲ್ಲ. ಮಂಡಕ್ಕಿಗೆ ಆ ಕಾಳಿಲ್ಲದಿದ್ದರೆ ಗಂಡಹೆಂಡಿರಿಬ್ಬರಿಗೂ ಈಗ ರುಚಿಸುವುದಿಲ್ಲವಂತೆ. ನೀಲಮ್ಮನೇ ಯಂತ್ರಕ್ಕೆಂದು ಒಂದು ಪಾಕೀಟು ಹೆಚ್ಚಿಗೆ ತರಿಸುತ್ತಾರೆ. ದಫೇದಾರ ನೆರಳಲ್ಲಿ ಕಾಲು ಚಾಚಿ ಮಲಗಿರುತ್ತಾನೆ.

ನಿನ್ನೆ ಕೊರಿಯರಿನವನು ಗೇಟಿನ ಆಚೆಯೇ ನಿಂತು ಕೇಳಿದ: "ಮೇಡಂ, ನಾಯಿ ಕಚ್ಚುತ್ತಾ?"

"ನಾಯಿ ಏನೂ ಮಾಡಲ್ಲಪ್ಪ," ಎಂದೆ ಮಹಡಿಯಿಂದ. "ಓನರ್ ಒಳಗಿದ್ದಾರಾ ನೋಡ್ಕೊಂಡು ಬಾ."