ಕಾಕಾ ಹಚ್ಚಿದ ಚೀಟಿಗಳು

ಮೂವತ್ತೆರಡು ತುಂಬುವವರೆಗೆ ನನ್ನ ಮದುವೆ ಆಗದಿದ್ದುದಕ್ಕೆ ಜಾತಕ ಕಾರಣವಿರಬಹುದು. ಅದರ ಮೇಲಿನ ಎರಡು ವರ್ಷಕ್ಕೆ ಮಾತ್ರ ವಿಡಿಯೋ ಗೇಮ್ ಕ್ಯಾಸೆಟ್ಟುಗಳ ಚೀಟಿಯೇ ಕಾರಣ. ನೀವು ನಗುತ್ತೀರಿ. ಹೀಗೊಬ್ಬ ಕಾಕಾ ನಿಮಗಿದ್ದಿದ್ದರೆ ನಗುತ್ತಿರಲಿಲ್ಲ.

ತಂದೆ-ತಾಯಿ ಇಲ್ಲದ ನನ್ನನ್ನು ಸಾಕಿ, ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕಿ, ಫೋರ್ಕಿನಲ್ಲಿ ಉಪ್ಪಿಟ್ಟು ತಿನ್ನುವ ಮಟ್ಟಕ್ಕೆ ತಂದವರು ಅವರೇ. ಸವಣೂರಿನ ಕಚೇರಿಯೊಂದರ ದಫ್ತರ ಕೋಣೆಯಲ್ಲಿ ಕಾರಕೂನರಾಗಿದ್ದರು. ಹರಿದ ಹಳೆಯ ಕಾಗದಗಳ ಬೆನ್ನಿಗೆ ತೆಳುಕಾಗದ ಹಚ್ಚಿ ಜೋಡಿಸುವುದು ಅವರ ಕೆಲಸ. ಮೂವತ್ತು ವರ್ಷ ಸಾವಿರಾರು ಕಾಗದ ಉಳಿಸಿದರು, ಒಂದನ್ನೂ ಓದಲಿಲ್ಲ. "ಓದೂದು ಸಾಹೇಬರ ಕೆಲಸ. ನಂದೇನಿದ್ರೂ ಅಂಚು," ಎನ್ನುತ್ತಿದ್ದರು.

ರಿಟೈರ್ ಆದ ಮೇಲೆ ಅಂಚುಗಳು ಸಿಗುವುದು ನಿಂತಿತು. ಕ್ಯಾಲೆಂಡರಿನ ಮೂಲೆ, ಪಂಚಾಂಗದ ಬೆನ್ನು, ರೇಷನ್ ಕಾರ್ಡು ಎಲ್ಲ ಆರು ತಿಂಗಳಲ್ಲಿ ಮುಗಿದವು. ಆಮೇಲೆ ಸುಮ್ಮನೆ ಗೋಡೆ ನೋಡುತ್ತ ಕೂರತೊಡಗಿದರು. ಅಷ್ಟರಲ್ಲಿ ಎದುರುಮನೆಯ ಅತ್ತರ್ ಚಾಚಾನ ಅಳಿಯ ಕುವೈತಿನಿಂದ ಟಿವಿಗೆ ಹಚ್ಚುವ ಗೇಮ್ ತಂದ, ಜೊತೆಗೆ ಇಪ್ಪತ್ತು ಕ್ಯಾಸೆಟ್ಟು. ಎರಡು ಬೇಸಿಗೆ ಕಳೆಯುವುದರೊಳಗೆ ನಮ್ಮೂರ ಬಿಸಿಲು, ಮಷೀನಿನ ಬಿಸಿ, ಮಕ್ಕಳ ಉಗುರು ಮೂರೂ ಸೇರಿ ಅವುಗಳ ಮೇಲಿನ ಹೆಸರಿನ ಚೀಟಿಗಳನ್ನೆಲ್ಲ ಎಬ್ಬಿಸಿದವು. ಯಾವ ಕ್ಯಾಸೆಟ್ಟಿನಲ್ಲಿ ಯಾವ ಆಟ ಎಂದು ದಿನಾ ಜಗಳ. ಕಾಕಾ ಚಹಾ ಕುಡಿಯಲು ಹೋದವರು ಕ್ಯಾಸೆಟ್ಟೊಂದನ್ನು ಕೈಗೆತ್ತಿಕೊಂಡರು. ಗಾಯವಾದ ಕರುವನ್ನು ದನದ ಡಾಕ್ಟರು ನೋಡುವಂತೆ ನೋಡಿದರು. ಚಹಾ ಆರಿತು.

ಮರುದಿನ ನಮ್ಮ ಹಿತ್ತಿಲಲ್ಲಿ ಅಂಟು ಕುದಿಯಿತು: ಮೈದಾ, ಜಾಲಿಗೋಂದು, ಜಿರಲೆ ಮುಟ್ಟದಿರಲಿ ಎಂದು ಚಿಟಿಕೆ ಮೈಲುತುತ್ತ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅದಕ್ಕೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಬೈಗುಳ ಗೊತ್ತುಮಾಡಿದಳು. ಕಾಕಾ ಹಳೆಯ ಅಂಟನ್ನು ಚಿಮಣಿ ಎಣ್ಣೆಯಲ್ಲಿ ಒರೆಸಿ, ಪ್ಲಾಸ್ಟಿಕ್ಕಿಗೆ ಹಿಡಿತ ಬರಲೆಂದು ಪಾಲಿಶ್ ಕಾಗದದಿಂದ ಉಜ್ಜಿ, ಚೀಟಿಯನ್ನು ಕೂದಲೆಳೆಯಷ್ಟೂ ವಾರೆಯಾಗದಂತೆ ಹಚ್ಚುತ್ತಿದ್ದರು. ಪರ್ಫೆಕ್ಟ್. ಒಂದೇ ತೊಂದರೆ: ಚೀಟಿಯಲ್ಲಿ ಇಲ್ಲದ್ದನ್ನು ಸೇರಿಸುತ್ತಿರಲಿಲ್ಲ. ಒಂದರ ಮೇಲೆ ವಿಮಾನದ ಚಿತ್ರವಿತ್ತು, ಬಾಲ ಹರಿದುಹೋಗಿತ್ತು.

"ಭಾಯಿಸಾಬ, ಒಂದ್ ಬಾಲ ಗೀಚಿಬಿಡ್ರಿ. ಹುಡುಗೂರು ಅಳಾಕತ್ತಾವ," ಎಂದರು ಚಾಚಾ.

"ದಫ್ತರದಾಗ ಇಲ್ಲದ ಬಾಲ ನಾ ಹೆಂಗ ಹಚ್ಚಲಿ? ನಾಳೆ ಯಾರರ ಕೇಳಿದ್ರ?"

ವಿಡಿಯೋ ಗೇಮಿನ ವಿಮಾನದ ಬಾಲದ ಬಗ್ಗೆ ವಿಚಾರಣೆ ಮಾಡಲು ಯಾರು ಬರುತ್ತಾರೆ? ಕಾಕಾ ಮಾತ್ರ ಬಾಲದ ಜಾಗ ಖಾಲಿ ಬಿಟ್ಟು, ಇರುವೆಯಂಥ ಅಕ್ಷರದಲ್ಲಿ ಬರೆದರು: 'ಬಾಲ ಹರಿದಿದೆ. ಸ್ವತಃ ನೋಡಿ ದೃಢೀಕರಿಸಿದೆ.' ಕೆಳಗೆ ಸಹಿ. ಒಮ್ಮೆ ಹುಡುಗರು ಒತ್ತಾಯ ಮಾಡಿ ಆಟಕ್ಕೆ ಕೂರಿಸಿದರು. ಅವರ ವಿಮಾನ ಮೂರು ಸೆಕೆಂಡಿಗೆ ಬಿತ್ತು. "ಒಳಗಿನ ಭಾನಗಡಿ ನನಗ್ಯಾಕ," ಎಂದು ಎದ್ದು ಬಂದರು.

ಇಲ್ಲಿಯವರೆಗೆ ನನಗೇನೂ ನಷ್ಟವಿರಲಿಲ್ಲ. ಆದರೆ ಆ ಕಾಲಕ್ಕೆ ಕಲರ್ ಟಿವಿ, ಅದರ ಮೇಲೆ ಕ್ರೋಶಾ ಹೊದಿಕೆ, ಅದರ ಪಕ್ಕ ಗೇಮು ಇಟ್ಟ ಮನೆಗಳು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಅಲ್ಲೊಂದು ಇಲ್ಲೊಂದು ಹುಟ್ಟಿಕೊಂಡಿದ್ದವು. ಗಂಡಿನ ಮನೆ ನೋಡಿಬರಲು ಹೋಗುವವರು ಕಾಕಾ.

ಹಾನಗಲ್ಲಿನ ಗಂಡು ಬ್ಯಾಂಕಿನಲ್ಲಿದ್ದ. ಎತ್ತರ, ಬಣ್ಣ, ಮ್ಯಾನರ್ಸ್ ಎಲ್ಲ ಇತ್ತು. ಕಾಕಾ ಒಲ್ಲೆನೆಂದು ಬಂದರು.

"ಯಾಕ್ರಿ, ಏನಾತು?" ಎಂದಳು ಚಿಗವ್ವ.

"ಚೀಟಿ ಹರದಲ್ಲಿ ಗಾಯದ ಪಟ್ಟಿ ಹಚ್ಯಾರ. ಅಂಥಾ ಮನಿಗೆ ಹುಡುಗೀನ್ನ ಕೊಡೂದೇನು?"

ಶಿಗ್ಗಾವಿಯಲ್ಲಿ ಎಲ್ಲವೂ ಒಪ್ಪಿಗೆಯಾಗಿತ್ತು. ಸಕ್ಕರೆ ಕೂಡ ಬಾಯಿಗೆ ಬಿದ್ದಿತ್ತು. ಬರುವಾಗ ಕಾಕಾ ಆ ಮನೆಯ ಕ್ಯಾಸೆಟ್ಟೊಂದನ್ನು, ಚೀಟಿಯ ಅವಸ್ಥೆ ನೋಡಲಾರದೆ, ಯಾರಿಗೂ ಹೇಳದೆ ಕೋಟಿನ ಕಿಸೆಯಲ್ಲಿ ತಂದರು. ನಾಲ್ಕನೆಯ ದಿನ ರಿಪೇರಿ ಮಾಡಿ ಒಯ್ದು ಕೊಟ್ಟರು. ಚೀಟಿ ಹೊಸದರಂತಿತ್ತು. ಸಂಬಂಧ ಹರಿದುಹೋಗಿತ್ತು. ಆ ಊರಲ್ಲಿ ಈಗಲೂ ನಮ್ಮ ಮನೆತನಕ್ಕೆ ಏನೆನ್ನುತ್ತಾರೋ, ನಾನು ವಿಚಾರಿಸಲು ಹೋಗಿಲ್ಲ.

ಕೊನೆಗೆ ಬಂದದ್ದು ಹಿರೇಕೆರೂರಿನ ಪ್ರಪೋಸಲ್. ಹೈಸ್ಕೂಲ್ ಮಾಸ್ತರರು, ವಿಧುರರು, ಒಂಬತ್ತು ವರ್ಷದ ಮಗಳು. ನನಗೆ ಎರಡು ಪತ್ರ ಬರೆದಿದ್ದರು. ಮೊದಲನೆಯದರಲ್ಲಿ ತಮ್ಮ ಬಗ್ಗೆ ನಾಲ್ಕು ಸಾಲು, ಮಗಳ ಬಗ್ಗೆ ಎರಡು ಪುಟ. ಎರಡನೆಯದರಲ್ಲಿ ಒಂದೇ ಮಾತು: 'ನನ್ನದು ಒಪ್ಪಿಗೆ. ಆದರೆ ಮಗಳು ಹ್ಞೂಂ ಅನ್ನದೆ ಮುಂದುವರಿಯುವುದಿಲ್ಲ.' ನನ್ನ ಇಂಗ್ಲಿಷ್ ನೋಡಿ ಬಂದವರಿದ್ದರು, ಬಣ್ಣ ನೋಡಿ ಹೋದವರಿದ್ದರು. ಹೀಗೆ ಬರೆದವರು ಇರಲಿಲ್ಲ. ಈ ಮನೆ ನನಗೆ ಬೇಕಾಗಿತ್ತು. ಬೇಕು ಎಂದು ಬಾಯಿ ಬಿಟ್ಟು ಹೇಳುವ ವಯಸ್ಸು ದಾಟಿತ್ತು, ಅಷ್ಟೇ.

ಹುಡುಗಿ ನನ್ನನ್ನು ನೋಡಬೇಕೆಂದು ನಾವು ಮೂವರೂ ಹೋದೆವು. "ಟಿವಿ ಕಡೆ ನೋಡಿದ್ರ ನನ್ನ ಆಣಿ ಐತಿ," ಎಂದು ಚಿಗವ್ವ ಬಸ್ಸಿನಲ್ಲೇ ಕಾಕಾನ ಚೀಲ ಝಡತಿ ಮಾಡಿದಳು. ಏನೂ ಸಿಗಲಿಲ್ಲ. ಅವರ ಕೈಯಲ್ಲಿದ್ದ ಕೊಡೆಯನ್ನು ಬಿಚ್ಚಿ ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಕಾಕಾ ಟಿವಿಗೆ ಬೆನ್ನು ಹಾಕಿಯೇ ಕೂತರು. ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಎದೆಗೆ ಒಂದು ಕ್ಯಾಸೆಟ್ಟು ಒತ್ತಿಕೊಂಡಿದ್ದಳು, ಹೆಬ್ಬೆರಳು ಚೀಟಿಯ ಮೂಲೆಯ ಮೇಲೆ. ಬೆರಳು ತೆಗೆದರೆ ಚೀಟಿ ಏಳುತ್ತಿತ್ತು. ಅಚ್ಚಿನ ಚೀಟಿಯಲ್ಲ. ನೋಟುಬುಕ್ಕಿನ ಹಾಳೆ ಕತ್ತರಿಸಿ ನೀಲಿ ಶಾಯಿಯಲ್ಲಿ ಬರೆದದ್ದು: 'ಅಭ್ಯಾಸ ಮುಗದ ಮ್ಯಾಲೆ.' ಬರೆದ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು.

"ಅವ್ವಿ, ತೋರಸ್ತೀಯೇನು?" ಎಂದರು ಕಾಕಾ.

"ಮುಟ್ಟಬ್ಯಾಡ್ರಿ."

"ಮುಟ್ಟೂದಿಲ್ಲವಾ." ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. "ಶಾಯಿ ಅಕ್ಷರ. ನೀರು ತಾಗಿದ್ರ ಹರಡತಾವ. ಗಟ್ಟಿ ಅಂಟು, ತೆಳ್ಳಗ ಹಚ್ಚಬೇಕು. ಭಾಳ ನಾಜೂಕ ಕೆಲಸ."

"ಅಕ್ಷರ ಅಳಸತಾವೇನ್ರಿ?"

"ಕೈ ಗಟ್ಟಿ ಇದ್ದವರು ಹಚ್ಚಿದ್ರ ಇಲ್ಲ. ನನ್ನ ಕೈ ಈಗ ನಡಗತಾವ." ನನ್ನ ಕಡೆ ತೋರಿಸಿದರು. "ನೀ ಹ್ಞೂಂ ಅಂದ್ರ ಈಕಿ ಹಚ್ಚತಾಳ."

ಅವತ್ತು ಬೆಳಿಗ್ಗೆ ಚಿಗವ್ವನ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟವರು ಅವರು. ಎರಡು ವರ್ಷದಲ್ಲಿ ನನಗೆ ಬ್ರಶ್ಶು ತೊಳೆಯಲೂ ಕೊಟ್ಟವರಲ್ಲ.

ಹುಡುಗಿ ನನ್ನ ಕೈಗಳನ್ನು ನೋಡಿದಳು. "ನೀವು ಹೊಸಾ ಚೀಟಿ ಬರೀತೀರೇನ್ರಿ?"

"ಇಲ್ಲ. ಇದನ್ನ ಹಚ್ಚತೇನಿ."

ಕ್ಯಾಸೆಟ್ಟು ನನ್ನ ಕೈಗೆ ಬಂತು. ಕೊಡೆಯೊಳಗಿನಿಂದ ಬ್ರಶ್ಶೂ ಮುಲಾಮಿನ ಡಬ್ಬಿಯಲ್ಲಿ ತುಂಬಿದ ಅಂಟೂ ಬಂದವು. ಚಿಗವ್ವ ಹಣೆ ಚಚ್ಚಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ನಾನು ನೆಲದ ಮೇಲೆ ಕೂತು, ಉಸಿರು ಬಿಗಿಹಿಡಿದು ಹಚ್ಚಿದೆ. ನನ್ನ ಕೈ ನಿಜವಾಗಿ ನಡುಗುತ್ತಿತ್ತು. ಒಂದಕ್ಷರವೂ ಹರಡಲಿಲ್ಲ.

"ಈಗ ಒತ್ತಿ ಹಿಡೀರಿ ಇಬ್ಬರೂ. ನೂರು ಎಣಸೂತನಕ ಬಿಡಬಾರದು," ಎಂದು ಹೇಳಿ ಕಾಕಾ ಪಡಸಾಲೆಗೆ ಹೋದರು.

ನನ್ನ ಹೆಬ್ಬೆರಳ ಪಕ್ಕ ಅವಳ ಹೆಬ್ಬೆರಳು. ಅವಳೇ ಎಣಿಸಿದಳು, ಮಗ್ಗಿ ಹೇಳುವ ದನಿಯಲ್ಲಿ. ಹೊರಗೆ ಚಿಗವ್ವ ಬಸ್ಸಿನ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಳು. "ಹೋಗಲಿ ಬಿಡು, ನಾಳೆ ಮುಂಜಾನಿ ಒಂದ್ ಐತೆಲ್ಲ," ಎಂದರು ಕಾಕಾ. ಮಾಸ್ತರರು ಮತ್ತೊಮ್ಮೆ ಚಹಾಕ್ಕೆ ನೀರಿಟ್ಟರು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ನಾನು ಬೆರಳು ಸಡಿಲಿಸಿದೆ.

ಹುಡುಗಿ ಇನ್ನೊಂದು ಕೈಯಿಂದ ನನ್ನ ಬೆರಳನ್ನು ಮತ್ತೆ ಚೀಟಿಗೆ ಒತ್ತಿದಳು.

"ಬಿಡಬ್ಯಾಡ್ರಿ," ಎಂದಳು. "ಇನ್ನೊಂದ್ ನೂರು ಎಣಸೂಣು."