ಮಂಡಿ ಹೊರತುಪಡಿಸಿ

ಮನುಷ್ಯನ ಕಾಲಿನಲ್ಲಿ ಮಂಡಿ ಇದೆಯೇ ಇಲ್ಲವೇ ಎಂಬುದು ಆಯಾ ರಾಜ್ಯದ ನಿಯಮಾವಳಿಗೆ ಒಳಪಟ್ಟ ವಿಷಯವಾಗಿರುತ್ತದೆ. ನದಿಯ ಆ ದಡದ ರಾಜ್ಯದಲ್ಲಿ ಅದು ಕಾಲಿನ ಭಾಗ. ಈ ದಡದ ರಾಜ್ಯದಲ್ಲಿ ಅದು ಪ್ರತ್ಯೇಕ ಪತ್ರಿಕೆ, ನೂರು ಅಂಕ, ಅರವತ್ತು ಗಂಟೆಗಳ ಪ್ರಾಯೋಗಿಕ ಅಭ್ಯಾಸ. ಎರಡು ದಡಗಳ ನಡುವೆ ಸೇತುವೆಯಿದ್ದು, ಜನ ಅದರ ಮೇಲೆ ತಮ್ಮ ಮಂಡಿಗಳ ಸಮೇತ ಓಡಾಡುತ್ತಿದ್ದರೂ ಯಾವುದೇ ಅಹಿತಕರ ಘಟನೆ ವರದಿಯಾಗಿರಲಿಲ್ಲ.

ಈ ದಡದ ಊರಿನಲ್ಲಿ ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಒಬ್ಬ ಹೆಂಗಸಿದ್ದರು. ಮೂವತ್ತು ವರ್ಷ ಊರವರ ಮಾತುಗಳನ್ನು ಜೋಡಿಸಿಕೊಟ್ಟಿದ್ದರಿಂದ ಯಾರು ಏನು ಹೇಳಿದರೂ ಅವರಿಗೆ ಹೊಸದೆನಿಸುತ್ತಿರಲಿಲ್ಲ. ಅವರ ಬಲ ಮಂಡಿ ಸವೆದುಹೋಗಿ, ಆಸ್ಪತ್ರೆಯಲ್ಲಿ ಹೊಸದನ್ನು ಕೂರಿಸಿದರು. ಮೂಳೆ ಡಾಕ್ಟರು ಹೊಲಿಗೆ ನೋಡಿ ತೃಪ್ತರಾಗಿ, "ಆರು ವಾರದೊಳಗೆ ಇದು ಚೆನ್ನಾಗಿ ಮಡಚಬೇಕು. ಇಲ್ಲದಿದ್ರೆ ಒನಕೆ ಹಾಗೆ ಸೆಟೆದುಕೊಂಡುಬಿಡುತ್ತೆ. ಮಡಚಿಸೋಕೆ ನಮ್ಮಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ. ಎರಡು ವರ್ಷದಿಂದ ಹುದ್ದೆ ಖಾಲಿ," ಎಂದರು.

"ನನ್ನ ಮಗಳು ಅದೇ ಕೆಲಸ ಮಾಡೋದು," ಎಂದರು ತಾಯಿ.

ಮಗಳು ಇದ್ದದ್ದು ಆ ದಡದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಪದವಿ, ಅಲ್ಲಿಯೇ ಒಂಬತ್ತು ವರ್ಷದ ಕೆಲಸ. ಅವಳ ಕೈಯಲ್ಲಿ ಪಳಗಿದ ಮಂಡಿಗಳು ಈಗಲೂ ಆ ರಾಜ್ಯದ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿವೆ. ಅವಳು ಕೆಲಸ ಬಿಟ್ಟು, ಒಂದು ಪೆಟ್ಟಿಗೆ ಹಿಡಿದು ಸೇತುವೆ ದಾಟಿ ಬಂದಳು. ಆಸ್ಪತ್ರೆಯವರು ಅಂದೇ ಹುದ್ದೆ ಕೊಟ್ಟರು. ಪರವಾನಗಿ ಒಂದು ಬಂದರೆ ಸಾಕು ಎಂದರು.

ಪರವಾನಗಿ ಮಂಡಳಿಯ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನ ಪರವಾನಗಿ ನವೀಕರಣವಾಗದ ಕಾರಣ ಸಾರ್ವಜನಿಕರು ಮೆಟ್ಟಿಲನ್ನು ಬಳಸತಕ್ಕದ್ದು ಎಂದು ಬರೆದಿತ್ತು. ಗುಮಾಸ್ತರು ಅವಳ ಅಂಕಪಟ್ಟಿಯನ್ನು ಎರಡು ಸಲ ಓದಿದರು.

"ನಿಮ್ಮ ಪದವೀಲಿ ಮಂಡಿ ಇಲ್ಲವಲ್ಲ."

"ಕಾಲು ಅಂತ ಇದೆ, ನೋಡಿ ಸಾರ್. ಎರಡನೇ ವರ್ಷ."

"ಕಾಲಿದೆ. ಮಂಡಿ ಇಲ್ಲ."

"ಕಾಲಲ್ಲೇ ಮಂಡಿ ಇರುತ್ತೆ ಸಾರ್."

"ಇರಬಹುದು," ಎಂದರು ಗುಮಾಸ್ತರು, ಯಾರ ಮನಸ್ಸನ್ನೂ ನೋಯಿಸದ ದನಿಯಲ್ಲಿ. "ದಾಖಲೆಯಲ್ಲಿಲ್ಲ. ನಿಮ್ಮ ವಿಶ್ವವಿದ್ಯಾಲಯದಿಂದ ಒಂದು ಪತ್ರ ತನ್ನಿ."

ಅವಳು ಫೋನ್ ಮಾಡಿದಳು. ಆ ಕಡೆಯಿಂದ ಉಪ ಕುಲಸಚಿವರು ಬಹಳ ಸೌಜನ್ಯದಿಂದ ಮಾತನಾಡಿದರು. ನಮ್ಮ ಪದವಿ ಯಾವ ರಾಜ್ಯದಲ್ಲಿ ಪರವಾನಗಿಗೆ ನಡೆಯುತ್ತದೆ ಎಂಬ ಪಟ್ಟಿಯನ್ನು ವಿಶ್ವವಿದ್ಯಾಲಯ ಆಗಲೇ ಪ್ರಕಟಿಸಿದೆಯಮ್ಮ, ಮೂರು ಕಾಲಂ ಇವೆ ಎಂದರು: ನಡೆಯುತ್ತದೆ, ನಡೆಯುವುದಿಲ್ಲ, ನಿರ್ಧರಿಸಲಾಗಿಲ್ಲ. ಈ ದಡದ ರಾಜ್ಯ ಮೂರನೆಯದರಲ್ಲಿತ್ತು. ಮೊದಲನೆಯದರಲ್ಲಿ ಅವರದೇ ರಾಜ್ಯವಿತ್ತು. ಎರಡನೆಯದರಲ್ಲಿ ಯಾವುದೂ ಇರಲಿಲ್ಲ.

"ಪಕ್ಕದ ರಾಜ್ಯ ಸಾರ್. ನಿಮ್ಮ ಕಿಟಕಿಯಿಂದ ಕಾಣುತ್ತೆ. ಯಾಕೆ ನಿರ್ಧರಿಸಿಲ್ಲ?"

"ನಿರ್ಧರಿಸಿದ್ರೆ ತಪ್ಪಾಗಬಹುದು. ನಿರ್ಧರಿಸದೇ ಇದ್ರೆ ತಪ್ಪಾಗೋ ಪ್ರಶ್ನೆಯೇ ಬರಲ್ಲ. ಈ ಪಟ್ಟೀನ ಓದಿಕೊಂಡಿದ್ದೀನಿ ಅಂತ ಪ್ರವೇಶದ ದಿನ ನೀವೇ ಸಹಿ ಹಾಕಿದ್ದೀರಿ."

"ಆಗ ನನಗೆ ಹದಿನೆಂಟು ವರ್ಷ."

"ಸಹಿ ಚೆನ್ನಾಗಿದೆ," ಎಂದರು ಅವರು.

ಆದರೂ ಪತ್ರ ಬಂತು. 'ಕಾಲು ಎಂಬ ವಿಷಯದಲ್ಲಿ ಮಂಡಿಯು ಅಂತರ್ಗತವಾಗಿರುವ ಸಾಧ್ಯತೆಯನ್ನು ವಿಶ್ವವಿದ್ಯಾಲಯವು ಅಲ್ಲಗಳೆಯುವುದಿಲ್ಲ' ಎಂದು ಅದರಲ್ಲಿತ್ತು.

ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಮನೆಯಲ್ಲಿ ತಾಯಿಯ ಕಾಲು ಸ್ಟೂಲಿನ ಮೇಲೆ ನೀಳವಾಗಿ ಮಲಗಿತ್ತು. ಪರವಾನಗಿಯಿಲ್ಲದೆ ಇನ್ನೊಬ್ಬರ ಮಂಡಿ ಮಡಚುವುದು ಮೂರು ತಿಂಗಳ ಸಜೆಯ ಅಪರಾಧ. ರಕ್ತಸಂಬಂಧಿಯಾಗಿದ್ದಲ್ಲಿ ಪಕ್ಷಪಾತವೂ ಸೇರಿ ಆರು ತಿಂಗಳು, ಮತ್ತು ಮುಂದೆಂದೂ ಅರ್ಜಿ ಹಾಕುವಂತಿಲ್ಲ. ಮಗಳು ಎದುರಿಗೆ ಕೂತು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಾಯಿ ತಾವಾಗಿ ಮಡಚಿ ತೋರಿಸಿದ ಮಂಡಿಯನ್ನು ಕಣ್ಣಲ್ಲೇ ಅಳೆದಳು. ನಲವತ್ತು ಡಿಗ್ರಿ. ನಿನ್ನೆಯೂ ನಲವತ್ತು. ಒಂಬತ್ತು ವರ್ಷ ಪರರ ಮಂಡಿ ನೋಡಿದವಳಿಗೆ ಹೆತ್ತವಳ ಮಂಡಿ ಕಣ್ಣೆದುರೇ ಕಲ್ಲಾಗುವುದನ್ನು ನೋಡಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

"ಅಳಬೇಡವೇ," ಎಂದರು ತಾಯಿ ಕೂತಲ್ಲಿಂದಲೇ. "ಕುಂಟೋಕೆ ಇನ್ನೂ ಯಾರೂ ಪರವಾನಗಿ ಕೇಳಿಲ್ಲ."

ನಾಲ್ಕನೆಯ ವಾರ, ಮಂಡಿಯು ಕಾಲಿನಲ್ಲಿದೆಯೇ ಎಂದು ಪರಿಶೀಲಿಸಲು ಮಂಡಳಿ ಉಪಸಮಿತಿಯನ್ನು ರಚಿಸಿತು. ಸದಸ್ಯರು ನಾಲ್ವರು. ಅವರ ಪೈಕಿ ದೇಹರಚನೆ ಬಲ್ಲವರು ಒಬ್ಬರೇ. ಅವರು ಓದಿದ್ದೂ ಅದೇ ವಿಶ್ವವಿದ್ಯಾಲಯದಲ್ಲಾದ್ದರಿಂದ ಅವರ ಅಭಿಪ್ರಾಯವನ್ನು ಕಡತದಿಂದ ಕೈಬಿಡಲಾಯಿತು. ಉಳಿದ ಮೂವರು ತಮ್ಮ ತಮ್ಮ ಪ್ಯಾಂಟು ಮೇಲೆತ್ತಿ ನೋಡಿಕೊಂಡರು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಠರಾವು ಮಂಡಿಸಿದರು: ಅರ್ಜಿದಾರಳಿಗೆ ಷರತ್ತುಬದ್ಧ ಪರವಾನಗಿ ನೀಡಬಹುದು, ಆಕೆ ತೊಡೆಗೂ ಮೀನಖಂಡಕ್ಕೂ ಚಿಕಿತ್ಸೆ ಮಾಡಬಹುದು, ಮಂಡಿ ಹೊರತುಪಡಿಸಿ.

ಮಗಳು ಆ ಕಾಗದವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ತಾಯಿಯನ್ನು ಕರೆತಂದು ಮಲಗಿಸಿದ್ದ ಕೋಣೆಯೊಳಗೆ ಹೋದಳು.

ಎಡಗೈಯಿಂದ ತಾಯಿಯ ತೊಡೆ ಹಿಡಿದಳು, ಅದಕ್ಕೆ ಪರವಾನಗಿಯಿತ್ತು. ಬಲಗೈಯಿಂದ ಮೀನಖಂಡ ಹಿಡಿದಳು, ಅದಕ್ಕೂ ಇತ್ತು. ಮೀನಖಂಡವನ್ನು ಮೆಲ್ಲಗೆ ಹಿಂದಕ್ಕೆ ತಂದಳು. ತಾಯಿ ಹಲ್ಲು ಕಚ್ಚಿ ಹಾಸಿಗೆಯ ಅಂಚು ಹಿಡಿದರು. ಮೊದಲ ದಿನ ನಲವತ್ತೆಂಟು. ವಾರ ಕಳೆಯುವಷ್ಟರಲ್ಲಿ ಎಪ್ಪತ್ತು.

ಸುದ್ದಿ ತಿಳಿದು ಮಂಡಳಿಯ ತನಿಖಾಧಿಕಾರಿ ಬಂದರು. ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

"ಮಂಡಿ ಮುಟ್ಟಿದ್ದೀರಾ?"

"ಇಲ್ಲ ಸಾರ್. ಮೇಲೆ ಹಿಡೀತೀನಿ, ಕೆಳಗೆ ಹಿಡೀತೀನಿ."

"ಮತ್ತೆ ಅದು ಹೇಗೆ ಮಡಚಿತು?"

ಉತ್ತರ ತಾಯಿಯಿಂದ ಬಂತು. "ನಡುವೆ ಸಿಕ್ಕಿಹಾಕಿಕೊಂಡಿತ್ತಲ್ಲ ಸ್ವಾಮಿ. ಪಾಪ, ಅದಕ್ಕೆ ಬೇರೆ ದಾರಿ ಇರಲಿಲ್ಲ."

ತನಿಖಾಧಿಕಾರಿ ಇದನ್ನು ಹಾಗೇ ಬರೆದುಕೊಂಡರು. ಅವರ ವರದಿಯ ಆಧಾರದ ಮೇಲೆ ಮಂಡಳಿ ಸುತ್ತೋಲೆ ಹೊರಡಿಸಿತು: ಸದರಿ ಮಂಡಿಯು ಸ್ವಇಚ್ಛೆಯಿಂದ ಮಡಚಿಕೊಂಡಿರುವುದು ಕಂಡುಬಂದಿದ್ದು, ಯಾವುದೇ ನಿಯಮ ಉಲ್ಲಂಘನೆಯಾಗಿರುವುದಿಲ್ಲ. ಆರನೆಯ ವಾರದ ಕೊನೆಯಲ್ಲಿ ಅದು ಸ್ವಇಚ್ಛೆಯಿಂದ ತೊಂಬತ್ತೈದು ಮುಟ್ಟಿತು. ತಾಯಿ ಕೋಲಿಲ್ಲದೆ ಬೀದಿಯ ಕೊನೆಯವರೆಗೆ ನಡೆದು, ಅಲ್ಲಿನ ತರಕಾರಿಯವಳ ಹತ್ತಿರ ಎರಡು ಸೌತೆಕಾಯಿಗೆ ಚೌಕಾಸಿ ಮಾಡಿ, ಕೊಳ್ಳದೆ ವಾಪಸು ಬಂದರು.

ಮಗಳು ಆಸ್ಪತ್ರೆಯಲ್ಲೇ ಉಳಿದಳು. ಮರುವರ್ಷ ಮೂರನೆಯ ರಾಜ್ಯವೊಂದರಿಂದ ಇನ್ನೊಬ್ಬ ಫಿಸಿಯೋಥೆರಪಿಸ್ಟ್ ಅರ್ಜಿ ಹಾಕಿದ. ಅವನ ಪದವಿಯಲ್ಲಿ ಮಂಡಿ ಇತ್ತು, ನೂರಕ್ಕೆ ಎಂಬತ್ತೆರಡು ಅಂಕ. ಆದರೆ ಕಾಲು ಎಂಬ ಪತ್ರಿಕೆ ಇರಲಿಲ್ಲ. ಮಂಡಳಿ ಅವನಿಗೂ ಅನ್ಯಾಯ ಮಾಡಲಿಲ್ಲ. ಮಂಡಿ ಮಾತ್ರ ಎಂದು ಪರವಾನಗಿ ಕೊಟ್ಟಿತು.

ಈಗ ಮಂಚದ ಒಂದು ಪಕ್ಕ ಅವಳು ನಿಲ್ಲುತ್ತಾಳೆ, ಇನ್ನೊಂದು ಪಕ್ಕ ಅವನು. ಅವಳು ತೊಡೆ ಮತ್ತು ಮೀನಖಂಡ ಹಿಡಿದು ಮಡಚುತ್ತಾಳೆ. ಅವನು ಎರಡು ಬೆರಳುಗಳನ್ನು ಮಂಡಿಯ ಮೇಲಿಟ್ಟು, ಅದು ಮಡಚುವುದನ್ನು ನೋಡಿ, ಸಹಿ ಹಾಕುತ್ತಾನೆ. ಒಳ್ಳೆಯ ಹುಡುಗ, ಬೆರಳು ತಣ್ಣಗಿರಬಾರದೆಂದು ಮೊದಲು ಉಜ್ಜಿಕೊಳ್ಳುತ್ತಾನೆ. ಒಬ್ಬ ರೋಗಿಗೆ ಇಬ್ಬರು ತಜ್ಞರಿರುವ ಏಕೈಕ ಆಸ್ಪತ್ರೆ ಎಂದು ಬಾಗಿಲಲ್ಲಿ ಬೋರ್ಡು ಬಂದಿದೆ.

ಹೋದ ತಿಂಗಳು ಅವನು ಜ್ವರ ಬಂದು ರಜೆ ಹಾಕಿದ್ದ. ಅಂದು ಬಸ್ ಡ್ರೈವರ್ ಒಬ್ಬರು ಹೊಸ ಮಂಡಿಯೊಂದಿಗೆ ಬಂದಿದ್ದರು. ಮಂಚದ ಮೇಲೆ ಕೂತು ಆಚೀಚೆ ನೋಡಿದರು.

"ಮಂಡಿಯವರು ಇಲ್ವೇನಮ್ಮ?"

"ರಜೆ ಹಾಕಿದ್ದಾರೆ. ನಾನು ಮಾಡ್ತೀನಿ, ಮಲಗಿ."

"ಬೇಡಮ್ಮ, ನಾಳೆ ಬರ್ತೀನಿ. ಅವರು ಮೇಲೆ ಬೆರಳಿಡದೆ ಅದು ಹೇಗೆ ಮಡಚುತ್ತೆ?"

ಅವಳು ಆ ಕಾಲನ್ನು ಸ್ವಲ್ಪ ಹೊತ್ತು ನೋಡಿದಳು.

"ಅದೂ ಸರಿ," ಎಂದು ರಿಜಿಸ್ಟರ್ ತೆಗೆದು, ನಾಳೆ ಹತ್ತೂವರೆಗೆ ಅವರ ಸರದಿ ಬರೆದುಕೊಂಡಳು.